ಮೈಸೂರಿನ ಬಿಸಿಲಿಗೆ ಆಕ್ಸೊಲೋಟಲ್ ಏಕೆ?

ಇಂದು ಸಂಜೆ ಕುವೆಂಪುನಗರದ ಒಂದು ಮೀನಿನ ಅಂಗಡಿಯಲ್ಲಿ ಕಂಡದ್ದಕ್ಕೆ ಹೊಟ್ಟೆ ಉರಿಯುತ್ತಿದೆ. ಅಂಗೈಯಗಲದ ಗಾಜಿನ ತೊಟ್ಟಿ, ತಳದಲ್ಲಿ ಬಣ್ಣದ ಹರಳು, ಮೇಲೆ ಕಣ್ಣು ಕುಕ್ಕುವ ನೀಲಿ ದೀಪ. ಅದರೊಳಗೆ ಒಂದು ಬಿಳಿ ಆಕ್ಸೊಲೋಟಲ್ ಮರಿ. ಮೀನಲ್ಲ, ಕಪ್ಪೆಯಂತೆ ಉಭಯಚರ; ಬಾಲವಿರುವ, ನೀರಿನಲ್ಲೇ ಬಾಳುವ ನಾಲ್ಕು ಕಾಲಿನ ಜೀವಿ. ಪುಕ್ಕದಂತೆ ಹರಡಿರಬೇಕಾದ ಕಿವಿರುಗಳು ಮುಂದಕ್ಕೆ ಮುದುರಿದ್ದವು, ಬಾಲದ ತುದಿ ಸುರುಳಿ ಸುತ್ತಿತ್ತು. ಸಂಕಟಪಡುವ ಆಕ್ಸೊಲೋಟಲ್ ಇರುವುದೇ ಹೀಗೆ. ಅದಕ್ಕೆ ರೆಪ್ಪೆಯಿಲ್ಲ, ಆ ಬೆಳಕಿಗೆ ಕಣ್ಣು ಮುಚ್ಚಿಕೊಳ್ಳಲೂ ಆಗದು.

ಮಗನಿಗಾಗಿ ಕೊಳ್ಳಲು ಬಂದಿದ್ದ ತಂದೆಯೊಬ್ಬರು, ‘ಬೇಸಿಗೆಗೆ ಏನು ಮಾಡಬೇಕು?’ ಎಂದು ಕೇಳಿದರು. ‘ಎರಡು ಐಸ್ ತುಂಡು ಹಾಕಿ ಸಾರ್, ಏನೂ ಆಗುವುದಿಲ್ಲ’ ಎಂಬ ಉತ್ತರ ಬಂತು.

ಏನೂ ಆಗುವುದಿಲ್ಲವೇ? ಮೆಕ್ಸಿಕೊ ನಗರದ ಶೊಚಿಮಿಲ್ಕೊ ಇದರ ತವರು. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಜಾಗ. ಇದಕ್ಕೆ ಒಗ್ಗುವುದು 16ರಿಂದ 18 ಡಿಗ್ರಿಯ ನೀರು. 24 ಡಿಗ್ರಿ ದಾಟಿತೆಂದರೆ ಆಹಾರ ಬಿಡುತ್ತದೆ, ಮೈಗೆ ಬೂಷ್ಟು ಹತ್ತುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಮೈಸೂರು 35 ಡಿಗ್ರಿ ಮುಟ್ಟುತ್ತದೆ. ಐಸ್ ಹಾಕಿದಾಗ ಸರ್ರನೆ ಇಳಿದು, ಕರಗಿದ ಮೇಲೆ ಮತ್ತೆ ಏರುವ ನೀರು ಅದಕ್ಕೆ ಇನ್ನೊಂದು ಹಿಂಸೆ. ಬೇಕಾದದ್ದು ನೀರನ್ನು ಸದಾ ತಂಪಾಗಿಡುವ ಚಿಲ್ಲರ್ ಯಂತ್ರ. ಪ್ರಾಣಿಗಿಂತ ಅದರ ಬೆಲೆಯೇ ಹೆಚ್ಚು. ಅಂಗಡಿಯವರು ಆ ಹೆಸರನ್ನೇ ಎತ್ತಲಿಲ್ಲ. ಸಣ್ಣ ಹರಳನ್ನು ಆಹಾರದ ಜೊತೆ ನುಂಗಿದರೆ ಕರುಳು ಕಟ್ಟಿ ಸಾಯಬಹುದು ಎಂಬುದನ್ನೂ ಹೇಳಲಿಲ್ಲ.

‘ತವರಿನಲ್ಲಿ ಅಳಿವಿನಂಚಿನಲ್ಲಿದೆ, ಮನೆಯಲ್ಲಾದರೂ ಉಳಿಯಲಿ’ ಎನ್ನುವ ಗೆಳೆಯರಿದ್ದಾರೆ. ಅಳಿವಿನಂಚಿನಲ್ಲಿರುವುದು ನಿಜ. ಆದರೆ ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ, ತಳಿ ಬೆರೆತ ಈ ಮರಿಗಳಲ್ಲಿ ಒಂದಾದರೂ ಶೊಚಿಮಿಲ್ಕೊದ ಕಾಲುವೆಗೆ ಮರಳುತ್ತದೆಯೇ? ನಮ್ಮ ಆಸೆಗೆ ಸಂರಕ್ಷಣೆಯ ಹೆಸರು ಕೊಡುವುದು ಬೇಡ.

ಆಸೆ ನನಗೂ ಇದೆ, ಬಹಳ ಇದೆ. ನಮ್ಮ ಮನೆಯ ತೊಟ್ಟಿಗಳನ್ನು ಕಂಡವರಿಗೆ ಅದು ಗೊತ್ತು. ತುಂಡಾದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ, ಮುಪ್ಪಿನಲ್ಲೂ ಮರಿಯ ರೂಪದಲ್ಲೇ ಇರುವ ಜೀವಿಯ ಮೇಲೆ ಯಾರಿಗೆ ಮೋಹ ಹುಟ್ಟದು? ಆದರೆ ಹತ್ತು ಹದಿನೈದು ವರ್ಷ ಬಾಳಬಲ್ಲ ಪ್ರಾಣಿಯನ್ನು ಮೊದಲ ಬೇಸಿಗೆಗೇ ಬೇಯಿಸುವ ಧೈರ್ಯ ನನಗಿಲ್ಲ.

ಮಕ್ಕಳು ಹಟ ಹಿಡಿದರೆ ಗಪ್ಪಿ ಮೀನು ಕೊಡಿಸಿ. ನಮ್ಮ ಹವೆಗೆ ಹೊಂದುತ್ತದೆ, ಮನೆಯಲ್ಲೇ ಮರಿ ಹಾಕುತ್ತದೆ. ಆಕ್ಸೊಲೋಟಲ್ಲೇ ಬೇಕೆಂದರೆ, ದುಡ್ಡು ತೆಗೆಯುವ ಮುನ್ನ ಈ ನೀರು ಎಷ್ಟು ಡಿಗ್ರಿ ಇದೆ ಎಂದು ಅಂಗಡಿಯಲ್ಲಿ ಕೇಳಿ. ತೊಟ್ಟಿಯಲ್ಲಿ ಥರ್ಮಾಮೀಟರೇ ಇಲ್ಲದಿದ್ದರೆ ಕೊಳ್ಳದೆ ಬನ್ನಿ.