ತಾರೀಖು ನೆನಪಿಡುವ ಹೊಣೆ ಯಾರದು?

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಹುಬ್ಬಳ್ಳಿಯಿಂದ ನನ್ನ ಸೋದರಮಾವನ ಮಗ ಒಂದು ಮೆಸೇಜ್ ಹಾಕಿದ. "ಅಮೆರಿಕಾದಾಗ ಇಂಥವ್ರ ಫೋಟೋ, ಮನಿ ಅಡ್ರೆಸ್ ಎಲ್ಲಾ ನೆಟ್‌ನಾಗ ಇರ್ತಾವ. ನಮ್ಮಲ್ಲೂ ಹಂಗ ಆಗಬೇಕು." ಯಾವುದೋ ಪುಟ್ಟ ಹುಡುಗಿಯ ಸುದ್ದಿ ಓದಿ ಬಂದ ಸಿಟ್ಟು ಅದು. ಆ ಸಿಟ್ಟು ನನಗೂ ಬರುತ್ತದೆ. ಆದರೆ ಇಲ್ಲಿ ಅಮೆರಿಕದಲ್ಲಿ ಕೂತು, ಲೈಂಗಿಕ ಅಪರಾಧಿಗಳ ಆ ಪಟ್ಟಿ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿದವನು ನಾನು. ಹಾಗಾಗಿ ಬರೆದೆ: "ಪಟ್ಟಿ ಇರಲಿ, ಆದರೆ ಅದರಲ್ಲಿ ಇರುವವನು ನಿಯಮ ಪಾಲಿಸಬೇಕು ಅಂದರೂ ತಪ್ಪಿ ಬೀಳುವ ಹಾಗೆ ಇರಬಾರದು, ಇಲ್ಲಿ ಹಾಗಿದೆ." ತಕ್ಷಣ ಉತ್ತರ ಬಂತು. "ಅಣ್ಣಾ, ನೀ ಯಾರ ಕಡೆ ಅದಿ?" ಆಮೇಲೆ ಯಾರೂ ಮಾತಾಡಲಿಲ್ಲ. ಅತ್ತೆ ಕೂಡ ಮಾತಾಡಲಿಲ್ಲ.

ಅದು ಚುಚ್ಚಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ಬಿಡುವಿದ್ದಾಗ, ಜೈಲಿನಿಂದ ಹೊರಬಂದವರಿಗೆ ಕೆಲಸದ ಅರ್ಜಿ ತುಂಬಿಕೊಡುವ ಒಂದು ಸಣ್ಣ ಸ್ವಯಂಸೇವೆಯ ಗುಂಪಿಗೆ ಹೋಗುತ್ತೇನೆ. ಅಲ್ಲಿಗೆ ಬರುವವರಲ್ಲಿ ಕೆಲವರ ಹೆಸರು ರಿಜಿಸ್ಟ್ರಿ ಅನ್ನುವ ಆ ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಇರುತ್ತದೆ. ಅವರು ಮಾಡಿದ್ದು ಸಣ್ಣದು ಅಂತ ನಾನು ಹೇಳುವುದಿಲ್ಲ. ನನಗೂ ಮಗಳಿದ್ದಾಳೆ. ಕೆಲವರ ಮುಂದೆ ಕೂರುವಾಗ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಶಿಕ್ಷೆ ಮುಗಿಸಿದ್ದಾರೆ. ಈಗ ಅವರನ್ನು ಮತ್ತೆ ಜೈಲಿಗೆ ಕಳಿಸಲು ಹೊಸ ಅಪರಾಧವೇ ಆಗಬೇಕಿಲ್ಲ, ಒಂದು ತಾರೀಖು ತಪ್ಪಿದರೆ ಸಾಕು.

ಕ್ಯಾಲಿಫೋರ್ನಿಯಾದ ನಿಯಮ ಹೀಗಿದೆ. ಮನೆ ಬದಲಾದರೆ ಐದು ಕೆಲಸದ ದಿನಗಳೊಳಗೆ ಪೊಲೀಸರ ಬಳಿ ಅಥವಾ ಶೆರಿಫ್ ಕಚೇರಿಗೆ, ಅಂದರೆ ಇಲ್ಲಿನ ಜಿಲ್ಲಾ ಪೊಲೀಸರ ಕಚೇರಿಗೆ, ಹೋಗಿ ಹೇಳಬೇಕು. ಮನೆ ಬದಲಾಗದೇ ಇದ್ದರೂ ಪ್ರತಿ ವರ್ಷ ಹುಟ್ಟುಹಬ್ಬದ ಐದು ಕೆಲಸದ ದಿನಗಳೊಳಗೆ ಹೋಗಿ "ಅಲ್ಲೇ ಇದ್ದೇನೆ" ಅನ್ನಬೇಕು. ಮನೆಯೇ ಇಲ್ಲದೆ ಕಾರಿನಲ್ಲೋ ಬೀದಿಯಲ್ಲೋ ಮಲಗುವವನು 30 ದಿನಕ್ಕೊಮ್ಮೆ ಹೋಗಬೇಕು. ಎರಡು ಕಡೆ ಇರುವ ರೂಢಿ ಇದ್ದರೆ, ಅಲ್ಲಿ ಎಷ್ಟು ರಾತ್ರಿ ಮಲಗುತ್ತೀರಿ ಅನ್ನುವುದು ಲೆಕ್ಕಕ್ಕಿಲ್ಲ, ಎರಡೂ ವಿಳಾಸ ಕೊಡಬೇಕು. ಮೂಲ ಅಪರಾಧ ದೊಡ್ಡದಾಗಿದ್ದರೆ ಈ ಕಾಗದದ ತಪ್ಪಿಗೇ ಮೂರು ವರ್ಷದವರೆಗೆ ಜೈಲು.

ಈ ಎರಡು ವಿಳಾಸದ ನಿಯಮದಲ್ಲಿ ಎಷ್ಟೋ ಜನ ಸಿಕ್ಕಿ ಬೀಳುತ್ತಾರೆ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ, ಅರವತ್ತು ದಾಟಿದವನು, ಬಾಡಿಗೆ ಕೋಣೆಯ ವಿಳಾಸವನ್ನು ಸರಿಯಾಗಿ ಕೊಟ್ಟಿದ್ದ. ಶನಿವಾರ ಭಾನುವಾರ ತೊಂಬತ್ತರ ತಾಯಿಯ ಮನೆಗೆ ಹೋಗಿ, ಅವಳಿಗೆ ಸ್ನಾನ ಮಾಡಿಸಿ, ಔಷಧಿ ಡಬ್ಬಿ ತುಂಬಿಟ್ಟು, ಅಲ್ಲೇ ಸೋಫಾ ಮೇಲೆ ಮಲಗಿ ಬರುತ್ತಿದ್ದ. ಅದೂ ಒಂದು ವಿಳಾಸ ಅಂತ ಅವನಿಗೆ ಹೊಳೆದೇ ಇರಲಿಲ್ಲ. ಒಂದು ದಿನ ಮಾತಿಗೆ ಮಾತು ಬಂದು ಇದನ್ನು ಹೇಳಿದಾಗ ನಮ್ಮ ಗುಂಪಿನ ಹಿರಿಯ ಹೆಂಗಸೊಬ್ಬರು ಪೆನ್ನು ಕೆಳಗಿಟ್ಟು, ಮೊದಲು ವಕೀಲರಿಗೆ ಫೋನ್ ಮಾಡು, ಅರ್ಜಿ ಆಮೇಲೆ ಅಂದರು. ಅವನ ಕೈ ನಡುಗುತ್ತಿತ್ತು. ಅವನು ಯಾವುದನ್ನೂ ಬಚ್ಚಿಟ್ಟಿರಲಿಲ್ಲ. ತಾಯಿಯ ಮನೆ ಅಂದರೆ ತಾಯಿಯ ಮನೆ, ಅದಕ್ಕೆ ಫಾರಂ ಬೇರೆ ಬೇಕಾ ಅಂತ ನಮಗೂ ಅನಿಸುತ್ತಿತ್ತು, ಅಲ್ವಾ?

ಇದು ಒಂದು ರಾಜ್ಯದ ಕಥೆ. ಗಡಿ ದಾಟಿದರೆ ಲೆಕ್ಕ ಬೇರೆ. ಟೆಕ್ಸಾಸ್‌ನಲ್ಲಿ ಮನೆ ಬಿಡುವ ಏಳು ದಿನ ಮೊದಲೇ ಹೇಳಬೇಕು, ಹೊಸ ಮನೆಗೆ ಬಂದ ಏಳು ದಿನದೊಳಗೆ ಮತ್ತೆ ಹೇಳಬೇಕು. ಫ್ಲೋರಿಡಾದಲ್ಲಿ 48 ಗಂಟೆ. ಇಲ್ಲಿನ ಕೇಂದ್ರ ಸರ್ಕಾರದ 2006ರ ಆಡಮ್ ವಾಲ್ಶ್ ಕಾಯ್ದೆಯಲ್ಲಿ ಮನೆ, ಕೆಲಸ, ಓದು, ಹೆಸರು ಯಾವುದು ಬದಲಾದರೂ ಮೂರು ಕೆಲಸದ ದಿನ. ಅದೇ ಕಾಯ್ದೆಯ ಮೂರು ದರ್ಜೆಗಳಲ್ಲಿ ಪಟ್ಟಿಯಲ್ಲಿ ಇರಬೇಕಾದದ್ದು 15 ವರ್ಷ, 25 ವರ್ಷ, ಇಲ್ಲವೇ ಜೀವನಪೂರ್ತಿ. ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಹಾಜರಿ. ತಪ್ಪಿ ಕೇಂದ್ರದ ಕೇಸಾದರೆ ಹತ್ತು ವರ್ಷದವರೆಗೆ ಜೈಲು. ವಿದೇಶಕ್ಕೆ ಹೋಗುವುದಿದ್ದರೆ 21 ದಿನ ಮೊದಲು ತಿಳಿಸಬೇಕು. ಒಬ್ಬ ಮನುಷ್ಯ ಎರಡು ರಾಜ್ಯಗಳ ನಡುವೆ ಲಾರಿ ಓಡಿಸುತ್ತಾನೆ ಅಂತಿಟ್ಟುಕೊಳ್ಳಿ, ಅವನು ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡು ಓಡಾಡಬೇಕು.

ಮರೆತರೆ? ಇಲ್ಲಿನ ನ್ಯಾಯಾಲಯಗಳು ಈ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡಿವೆ. 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಲಾಸ್ ಏಂಜಲೀಸ್‌ನ ಒಂದು ಕೇಸು ಬಂತು. ಹಳೆಯ ಶಿಕ್ಷೆ ಇದ್ದವರು ಊರಲ್ಲಿ ಐದು ದಿನಕ್ಕಿಂತ ಜಾಸ್ತಿ ಇದ್ದರೆ ನೋಂದಾಯಿಸಬೇಕು ಅಂತ ಅಲ್ಲಿ ನಿಯಮ ಇತ್ತು. ನೋಂದಾಯಿಸದೆ ಸಿಕ್ಕಿಬಿದ್ದ ಹೆಂಗಸಿಗೆ ಅದು ಗೊತ್ತೇ ಇರಲಿಲ್ಲ. ಗೊತ್ತಿಲ್ಲದವಳನ್ನು ಸುಮ್ನೆ ಇದ್ದದ್ದಕ್ಕೆ ಶಿಕ್ಷಿಸುವ ಹಾಗಿಲ್ಲ ಅಂತ ಕೋರ್ಟು ಹೇಳಿತು. ಆದರೆ 2004ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು, ನಿಯಮ ಗೊತ್ತಿದ್ದು ಬರೀ ಮರೆತೆ ಅಂದರೆ ಅದು ನೆಪವಾಗುವುದಿಲ್ಲ ಅಂದಿತು. ಗೊತ್ತಿತ್ತು ಅನ್ನುವುದಕ್ಕೆ ಸಾಕ್ಷಿ ಯಾವುದು? ಅವನೇ ಫಾರಂನ ಪ್ರತಿ ಸಾಲಿನ ಮುಂದೆ ಹಾಕಿದ ಚಿಕ್ಕ ಸಹಿ. ಜೈಲಿನ ಬಾಗಿಲಲ್ಲಿ, ಹೊರಗೆ ಹೋಗುವ ಅವಸರದಲ್ಲಿ ಹಾಕಿದ ಸಹಿ.

ಇನ್ನೊಂದು ಕೇಸು ನನ್ನ ತಲೆಯಿಂದ ಹೋಗುವುದೇ ಇಲ್ಲ. 1999ರಲ್ಲಿ ಇಲ್ಲಿ ಒಬ್ಬ ತನ್ನ ವಿಳಾಸವನ್ನು ಪೊಲೀಸರಿಗೆ ಸರಿಯಾಗಿ ಕೊಟ್ಟಿದ್ದ. ಸುಮಾರು ಒಂದು ತಿಂಗಳ ಮೇಲೆ ಹುಟ್ಟುಹಬ್ಬ ಬಂತು. ಮನೆ ಬದಲಾಗಿರಲಿಲ್ಲ. ಬಿಡುಗಡೆಯಾದವನ ಮೇಲೆ ಕಣ್ಣಿಡುವ ಪರೋಲ್ ಅಧಿಕಾರಿಗೂ ಅವನು ಅಲ್ಲೇ ಇದ್ದಾನೆ ಅಂತ ಗೊತ್ತಿತ್ತು. ಆದರೂ ಹುಟ್ಟುಹಬ್ಬದ ಐದು ದಿನದಲ್ಲಿ ಮತ್ತೆ ಹೋಗಿ ಹೇಳಲಿಲ್ಲ ಅಂತ ಕೇಸಾಯಿತು. ಹಳೆಯ ಅಪರಾಧಗಳಿದ್ದ ಕಾರಣ ಮೂರನೇ ತಪ್ಪಿಗೆ ಶಿಕ್ಷೆಯನ್ನು ಬಹಳ ಹೆಚ್ಚಿಸುವ ಇಲ್ಲಿನ ಮೂರು ತಪ್ಪಿನ ಕಾನೂನು ಸೇರಿ, 25 ವರ್ಷದಿಂದ ಜೀವಾವಧಿ, ಅಂದರೆ ಕಡಿಮೆ ಅಂದರೂ 25 ವರ್ಷ, ಬಿಡದಿದ್ದರೆ ಜೀವನಪೂರ್ತಿ ಅಂತ ಶಿಕ್ಷೆ ಬಿತ್ತು. ಈ ಕಾಗದದಿಂದ ಯಾವ ಮಗುವಿನ ರಕ್ಷಣೆ ಆಯಿತು ಅಂತ ನನಗೆ ಯಾರಾದರೂ ಹೇಳಲಿ.

ಈಗ ನಮ್ಮ ಊರಿನ ಕಡೆ ನೋಡಿ. ನಮ್ಮಲ್ಲೂ ಪಟ್ಟಿ ಇದೆ, ಇಲ್ಲ ಅಂತಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿಯನ್ನು ಶುರು ಮಾಡಿತು, ಶುರುವಿನಲ್ಲೇ 4.4 ಲಕ್ಷಕ್ಕೂ ಹೆಚ್ಚು ನಮೂದುಗಳಿದ್ದವು. ಅಪರಾಧಗಳ ಲೆಕ್ಕ ಇಡುವ ಕೇಂದ್ರದ ಸಂಸ್ಥೆ ಎನ್‌ಸಿಆರ್‌ಬಿ ಅದನ್ನು ನೋಡಿಕೊಳ್ಳುತ್ತದೆ. ಅದನ್ನು ನೋಡುವವರು ಪೊಲೀಸರು ಮಾತ್ರ, ನನ್ನ ಮಾವನ ಮಗನಿಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ದೊಡ್ಡ ವ್ಯತ್ಯಾಸ ಏನು ಅಂದರೆ, ಹುಟ್ಟುಹಬ್ಬದ ದಿನ ಠಾಣೆಗೆ ಹೋಗಿ ಸಾಲಿನಲ್ಲಿ ನಿಲ್ಲುವ ಕೆಲಸ ಅದರಲ್ಲಿ ಇರುವವನದ್ದಲ್ಲ. ಅವನು ಎಲ್ಲಿದ್ದಾನೆ ಅಂತ ತಿಳಿದುಕೊಳ್ಳುವುದು ಪೊಲೀಸರ ಕೆಲಸ.

ನನಗೆ ಊರು ನೆನಪಾಗುವುದು ಇಲ್ಲೇ. ನಮ್ಮಲ್ಲಿ ಸರ್ಕಾರ ಮನೆ ಬಾಗಿಲಿಗೆ ಬರುತ್ತದೆ. ಹೆಸ್ಕಾಂನವರು ಬಂದು ಮೀಟರ್ ನೋಡಿ ಅಲ್ಲೇ ಬಿಲ್ ಹರಿದು ಕೊಡುತ್ತಾರೆ. ಮತದಾರರ ಪಟ್ಟಿ ಸರಿಮಾಡಲು ಶಾಲೆಯ ಟೀಚರೋ ಅಂಗನವಾಡಿಯವರೋ ಬರುತ್ತಾರೆ, ನೀರು ಕುಡಿದು, "ಅಜ್ಜಿ ಹೆಸರು ಇನ್ನೂ ಇದೆ, ತೆಗೀಲಾ?" ಅಂತ ಕೇಳುತ್ತಾರೆ. ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸಪ್ಪ ಪಕ್ಕದ ಮನೆಯವರನ್ನೂ ವಿಚಾರಿಸಿ ಹೋಗುತ್ತಾನೆ. ಬೀಟ್ ಪೊಲೀಸ್ ಓಣಿಯ ಮೂಲೆಯ ಚಾದಂಗಡಿಯಲ್ಲಿ ನಿಂತು ಯಾರು ಬಂದರು, ಯಾರು ಹೋದರು ಕೇಳುತ್ತಾನೆ. ನೆನಪಿಡುವ ಹೊಣೆ ಎರಡು ಕಡೆಯೂ ಹಂಚಿಕೊಂಡಿದೆ. ಇಲ್ಲಿ ಹಾಗಲ್ಲ. ಇಲ್ಲಿ ಎಲ್ಲ ಹೊಣೆ ಒಬ್ಬನ ತಲೆ ಮೇಲೆ. ಅದೂ ಕೆಲಸ ಸಿಗದೆ, ಬಾಡಿಗೆಗೆ ಮನೆ ಸಿಗದೆ ಅಲೆಯುವವನ ತಲೆ ಮೇಲೆ.

ಇದು ಅವರೊಬ್ಬರ ಕಷ್ಟ ಅಂತಲೂ ಅಲ್ಲ. ಇಲ್ಲಿರುವ ನಮ್ಮ ಹುಡುಗರು, ಎಚ್1ಬಿ ಮೇಲೆ ಬಂದವರು, ಗ್ರೀನ್ ಕಾರ್ಡ್ ಇದ್ದವರೂ ಮನೆ ಬದಲಾಯಿಸಿದ ಹತ್ತು ದಿನದೊಳಗೆ ಎಆರ್-11 ಅನ್ನುವ ಫಾರಂ ಕಳಿಸಬೇಕು. ಕಳಿಸದಿದ್ದರೆ ಅದೂ ಕಾನೂನಿನಲ್ಲಿ ಅಪರಾಧವೇ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಕೇಳಿ ನೋಡಿ, ಎಷ್ಟು ಜನಕ್ಕೆ ಗೊತ್ತು ಅಂತ. ಬರೀ ಅದಕ್ಕೇ ಅವರನ್ನು ಕೋಳ ಹಾಕಿ ಕರೆದೊಯ್ಯುವುದು ಅಪರೂಪ ಅಷ್ಟೇ.

ರಿಜಿಸ್ಟ್ರಿಯವರನ್ನು ಒಯ್ಯುತ್ತಾರೆ. ಅದಕ್ಕೆ ನಮ್ಮ ಗುಂಪಿನ ಆ ಹಿರಿಯ ಹೆಂಗಸು ಎಲ್ಲರಿಗೂ ಒಂದೇ ಪಾಠ ಹೇಳುತ್ತಾರೆ. ಕೊನೆಯ ದಿನಕ್ಕೆ ಕಾಯಬೇಡಿ, ಮೊದಲನೇ ದಿನವೇ ಹೋಗಿ. ಎಷ್ಟೋ ಕಚೇರಿಗಳಲ್ಲಿ ವಾರದ ಕೆಲವೇ ದಿನ, ಅದೂ ಅಪಾಯಿಂಟ್‌ಮೆಂಟ್ ಇದ್ದರೆ ಮಾತ್ರ ಈ ಕೆಲಸ ಮಾಡುತ್ತಾರೆ. ಕಿಟಕಿಯಲ್ಲಿ "ಇವತ್ತು ಆಗಲ್ಲ, ಮುಂದಿನ ವಾರ ಬಾ" ಅಂದರೆ ಸುಮ್ಮನೆ ವಾಪಸ್ ಬರಬೇಡಿ. ಹಾಗೆ ಹೇಳಿದವರ ಹೆಸರು, ದಿನ, ಗಂಟೆ ಬರೆದುಕೊಳ್ಳಿ, ಬರೆದು ಕೊಡಿ ಅಂತ ಕೇಳಿ, ಹೊರಗೆ ಬಂದು ವಕೀಲರಿಗೆ ತಿಳಿಸಿ. ಪ್ರತಿ ಸಲ ರಸೀದಿ ಕೇಳಿ, ಅದರ ಫೋಟೋ ತೆಗೆದು ನಂಬಿಕೆಯ ಇನ್ನೊಬ್ಬರ ಬಳಿಯೂ ಇಡಿ. ಫೋನಿನಲ್ಲಿ ಯಾರೋ "ಪರವಾಗಿಲ್ಲ" ಅಂದದ್ದನ್ನು ನಂಬಬೇಡಿ, ಕೋರ್ಟಿನಲ್ಲಿ ಆ ಮಾತಿಗೆ ಸಾಕ್ಷಿ ಇರುವುದಿಲ್ಲ. ಬೇರೆ ರಾಜ್ಯಕ್ಕೆ ಮದುವೆಗೋ ಸಾವಿಗೋ ಹೋಗುವ ಮೊದಲು ಆ ಊರಿನ ಶೆರಿಫ್ ಕಚೇರಿಗೇ ಬರೆದು ಎಷ್ಟು ದಿನ ಇರಬಹುದು ಅಂತ ಕೇಳಿ. ಓದದೆ ಯಾವ ಸಾಲಿಗೂ ಸಹಿ ಹಾಕಬೇಡಿ. ಅರ್ಥ ಆಗದಿದ್ದರೆ ಅರ್ಥ ಆಗಲಿಲ್ಲ ಅಂತ ಹೇಳಿ. ಸಂಶಯ ಬಂದರೆ ಪೊಲೀಸರ ಹತ್ತಿರ ಹೋಗುವುದಕ್ಕಿಂತ ಮೊದಲು ವಕೀಲರನ್ನು ನೋಡಿ.

ಅವರ ಈ ಪಾಠ ಕೇಳುವಾಗಲೆಲ್ಲ ನನಗೆ ಒಂದೇ ಸಿಟ್ಟು. ಇದನ್ನು ಹೇಳಬೇಕಾದದ್ದು ನಾವಲ್ಲ, ನಿಯಮ ಮಾಡಿದವರು. ನನ್ನ ಕಾರಿನ ರಿಜಿಸ್ಟ್ರೇಶನ್ ಮುಗಿಯುತ್ತದೆ ಅಂತ ನೆನಪಿಸಲು ಇದೇ ರಾಜ್ಯ ಮನೆಗೆ ಪತ್ರ ಕಳಿಸುತ್ತದೆ. ಯಾರ ವಿಳಾಸ ಸರಿ ಇರಬೇಕು ಅಂತ ಇಷ್ಟೊಂದು ಕಾಳಜಿ ಇದೆಯೋ ಅವರಿಗೂ ಹುಟ್ಟುಹಬ್ಬದ ಹಿಂದಿನ ವಾರ ಒಂದು ಕಾಗದ ಹಾಕಲಿ. ವಿಳಾಸ ಸರಿ ಇದ್ದರೆ ತಾನೇ ಪಟ್ಟಿ ನಂಬುವ ತಂದೆತಾಯಿಗೂ ಉಪಯೋಗ?

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯದ್ದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ನಮ್ಮ ಪೊಲೀಸರು ಮನೆಗೆ ಬರುತ್ತಾರೆ ಅಂತ ಹೊಗಳಿದೆ. ಅದೇ ಪೊಲೀಸರು ರೌಡಿ ಪರೇಡ್ ಅಂತ ಹೆಸರಿನಲ್ಲಿ ಜನರನ್ನು ಸಾಲಾಗಿ ನಿಲ್ಲಿಸಿ, ಟಿವಿಯವರ ಮುಂದೆ ಕೂದಲು ಹಿಡಿದು ಬೈಯುವುದನ್ನೂ ನೋಡಿದ್ದೇವೆ. ರೌಡಿಶೀಟ್ ತೆರೆಯಲು ಕೋರ್ಟಿನ ಶಿಕ್ಷೆಯೇ ಆಗಿರಬೇಕು ಅಂತಿಲ್ಲ, ಅದನ್ನು ಮುಚ್ಚಿಸಲು ಹೈಕೋರ್ಟಿಗೆ ಅಲೆದವರಿದ್ದಾರೆ. ಇನ್ನೂ ಹಿಂದೆ ಹೋದರೆ ನಮ್ಮ ಹುಬ್ಬಳ್ಳಿಯಲ್ಲೇ ಸೆಟ್ಲಮೆಂಟ್ ಅನ್ನುವ ಓಣಿ ಇದೆ. ಕೆಲವು ಬುಡಕಟ್ಟುಗಳನ್ನೇ ಅಪರಾಧಿಗಳು ಅಂತ ಕರೆದ ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಿಂದ ಶುರುವಾದದ್ದರ ಗುರುತು ಅದು. ಏನೂ ಮಾಡದವರನ್ನು ಬರೀ ಹುಟ್ಟಿದ ಜಾತಿಯ ಕಾರಣಕ್ಕೆ ತಂತಿ ಬೇಲಿಯೊಳಗೆ ಇಟ್ಟು ಹಾಜರಿ ಕರೆಯುತ್ತಿದ್ದರು, ಹೊರಗೆ ಹೋಗಲು ಪಾಸ್ ಬೇಕಿತ್ತು. 1952ರಲ್ಲಿ ಕಾಯ್ದೆ ಹೋಯಿತು, ಆ ಹೆಸರಿನ ಕಳಂಕ ಪೂರ್ತಿ ಹೋಗಲಿಲ್ಲ. ಶಿಕ್ಷೆಯಾದವರ ಪಟ್ಟಿಗೂ ಇದಕ್ಕೂ ತುಂಬಾ ಅಂತರವಿದೆ, ಒಂದೇ ಅಂತ ನಾನು ಹೇಳುತ್ತಿಲ್ಲ. ಹಾಜರಿ ಪುಸ್ತಕ ಪೊಲೀಸರ ಕೈಯಲ್ಲಿದ್ದರೆ ಏನಾಗಬಹುದು ಅಂತ ನಮ್ಮೂರಿಗೆ ಗೊತ್ತಿದೆ ಅಂತಷ್ಟೇ ಹೇಳುತ್ತಿದ್ದೇನೆ.

ಇಲ್ಲಿ ನಿಯಮ ಕಠೋರವಾದರೂ ಬರೆದಿಟ್ಟಿದ್ದಾರೆ. ಓದಬಹುದು, ಪ್ರಶ್ನಿಸಬಹುದು. ಆ ಹುಟ್ಟುಹಬ್ಬದ ಕೇಸಿನವನ ಶಿಕ್ಷೆಯನ್ನು 2005ರಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟೇ ಕ್ರೂರ ಅಂತ ರದ್ದು ಮಾಡಿತು. 2008ರಲ್ಲಿ ಅಂಥದ್ದೇ ಇನ್ನೊಂದು, 28 ವರ್ಷದಿಂದ ಜೀವಾವಧಿಯ ಶಿಕ್ಷೆಯನ್ನು ಕೇಂದ್ರದ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. 2021ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಎಲ್ಲರಿಗೂ ಜೀವನಪೂರ್ತಿ ಅನ್ನುವುದು ಹೋಗಿ ಹತ್ತು ವರ್ಷ, ಇಪ್ಪತ್ತು ವರ್ಷ, ಜೀವನಪೂರ್ತಿ ಅಂತ ಮೂರು ದರ್ಜೆ ಬಂದಿವೆ. ಮೊದಲ ಎರಡರಲ್ಲಿ ಇರುವವರು ಅವಧಿ ಮುಗಿದ ಮೇಲೆ ಹೆಸರು ತೆಗೆಯಿರಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ಇದು ಒಳ್ಳೆಯ ಕೆಲಸ, ಒಪ್ಪುತ್ತೇನೆ. ಆದರೆ ಕಾಗದದ ತಪ್ಪಿಗೆ ಸಣ್ಣ ಕೇಸಿನಲ್ಲಿ ಶಿಕ್ಷೆಯಾದರೆ ಆ ಅವಧಿಗೆ ಒಂದು ವರ್ಷ ಸೇರುತ್ತದೆ, ದೊಡ್ಡ ಕೇಸಾದರೆ ಮೂರು ವರ್ಷ. ಹಾಗಾಗಿ ಹತ್ತು ವರ್ಷ ತಪ್ಪದೆ ಹೋಗಿ ಬಂದವನಿಗೂ ಕೊನೆಯ ಹುಟ್ಟುಹಬ್ಬದ ಆ ಐದು ದಿನಗಳು ಮುಗಿಯುವವರೆಗೆ ಕಣ್ಣಿಗೆ ನಿದ್ದೆ ಇರುವುದಿಲ್ಲ.