ಡಬ್ಬಿ ನಿಮ್ಮದು, ಆಟ ಅವರದು

ವಿಡಿಯೊ ಆಟಗಳನ್ನು ಡಬ್ಬಿಯಲ್ಲಿ ಕೊಳ್ಳಬೇಕೋ ಡೌನ್‌ಲೋಡ್ ಮಾಡಿಕೊಳ್ಳಬೇಕೋ ಎಂಬ ಹಳೆಯ ವ್ಯಾಜ್ಯವನ್ನು ನಿಂಟೆಂಡೊ ಕಂಪನಿ 2025ರ ಜೂನ್‌ನಲ್ಲಿ ಬಹಳ ಚಾಣಾಕ್ಷತನದಿಂದ ಬಗೆಹರಿಸಿತು. ಸ್ವಿಚ್ 2 ಯಂತ್ರದ ಜೊತೆ ಬಂದ ಗೇಮ್-ಕೀ ಕಾರ್ಡನ್ನು ಓದುಗರು ಈಗಾಗಲೇ ಬೇಕಾದಷ್ಟು ಬೈದು ದಣಿದಿರುವುದರಿಂದ ನಾನು ಅದನ್ನು ಹೊಗಳಬೇಕೆಂದಿದ್ದೇನೆ. ಡಬ್ಬಿ ಇದೆ, ಡಬ್ಬಿಯ ಮೇಲೆ ಚೆಂದದ ಚಿತ್ರವಿದೆ, ಒಳಗೆ ಪುಟ್ಟ ಕಾರ್ಡೂ ಇದೆ. ಆಟ ಮಾತ್ರ ಇಲ್ಲ. ಪೂರ್ತಿ ಆಟವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕೆಂಬ ಸೂಚನೆಯನ್ನು, ಕೀಲಿಕೈಯ ಗುರುತಿನೊಂದಿಗೆ, ಡಬ್ಬಿಯ ಮುಖದ ಕೆಳಭಾಗದಲ್ಲೇ ಪಟ್ಟಿಯಾಗಿ ಮುದ್ರಿಸಿರುತ್ತಾರೆ. ಇಳಿಸಿಕೊಂಡ ಮೇಲೂ ಬಿಡುಗಡೆಯಿಲ್ಲ, ಆಡುವಾಗಲೆಲ್ಲ ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿರಲೇಬೇಕು. ಪೇಟೆಯಿಂದ ತಂದ ತೆಂಗಿನಕಾಯಿಯನ್ನು ಒಡೆದಾಗ ಒಳಗೊಂದು ಚೀಟಿ ಸಿಕ್ಕಿ, ಕಾಯಿ ತಿಪಟೂರಿನಲ್ಲಿದೆ, ನೀವೇ ಹೋಗಿ ತಂದುಕೊಳ್ಳಿ, ಆದರೆ ಚಟ್ನಿ ಅರೆಯುವಾಗಲೆಲ್ಲ ಈ ಚಿಪ್ಪು ಒರಳಿನ ಪಕ್ಕದಲ್ಲಿರುವುದು ಕಡ್ಡಾಯ ಎಂದು ಅದರಲ್ಲಿ ಬರೆದಿದ್ದರೆ ಹೇಗಿರುತ್ತದೋ, ಇದೂ ಹಾಗೆಯೇ. ಡೌನ್‌ಲೋಡಿಗೆ ಕಾಯುವ ಕಷ್ಟವೂ ಡಬ್ಬಿಯ ಧೂಳು ಒರೆಸುವ ಕಷ್ಟವೂ ಒಂದೇ ಬೆಲೆಗೆ ಸಿಕ್ಕವು.

ನ್ಯಾಯವಾಗಿ ಹೇಳಬೇಕೆಂದರೆ ಈ ಕಾರ್ಡನ್ನು ಗೆಳೆಯರಿಗೆ ಕೊಡಬಹುದು, ಆಟ ಮುಗಿದ ಮೇಲೆ ಮಾರಲೂಬಹುದು. ಕೊಂಡವನು ಆಟವನ್ನು ಇಳಿಸಿಕೊಳ್ಳುವುದಕ್ಕೆ ಅದನ್ನು ಕಳಿಸಿಕೊಡುವ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್, ಇರಬೇಕು, ಅಷ್ಟೇ. ಇದೇ ಕಂಪನಿ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ 2023ರ ಮಾರ್ಚ್‌ನಲ್ಲಿ ಮಾರಾಟವನ್ನೇ ನಿಲ್ಲಿಸಿತೆಂಬುದನ್ನು ಇಂಥ ಶುಭ ಸಂದರ್ಭದಲ್ಲಿ ನೆನೆಯಬಾರದು.

ಡಿಸ್ಕಿನ ಮಟ್ಟಿಗೆ ನಿಜವಾದ ಧೈರ್ಯ ತೋರಿಸಿದ್ದು 2022ರ ಕಾಲ್ ಆಫ್ ಡ್ಯೂಟಿ ಎಂಬ ಯುದ್ಧದ ಆಟ. ಹತ್ತಾರು ಜಿಬಿ ಹಿಡಿಸಬಲ್ಲ, ಸೋನಿಯ ಪ್ಲೇಸ್ಟೇಷನ್ 5 ಯಂತ್ರದ ಆ ಡಿಸ್ಕಿನಲ್ಲಿ ಇದ್ದದ್ದು ಸುಮಾರು 70 ಎಂಬಿ. ಹಳೆಯ ಕಾಲದ ಒಂದು ಸಿಡಿಯಲ್ಲಿ ಇಂಥ ಹತ್ತು ಡಿಸ್ಕುಗಳ ಸರಕನ್ನು ತುಂಬಬಹುದಿತ್ತು. ಉಳಿದದ್ದೆಲ್ಲ ಡೌನ್‌ಲೋಡ್. ಪರ್ಸನಲ್ ಕಂಪ್ಯೂಟರ್ ಆಟಗಳ ಡಬ್ಬಿಗಳು ಇದಕ್ಕಿಂತ ಪ್ರಾಮಾಣಿಕ. ಎಷ್ಟೋ ಡಬ್ಬಿಗಳನ್ನು ತೆರೆದರೆ ಡಿಸ್ಕ್ ಕೂರಬೇಕಾದ ಪ್ಲಾಸ್ಟಿಕ್ ಗುಬಟು ಬೋಳಾಗಿ ನಿಂತಿರುತ್ತದೆ, ಎದುರಿನ ಕ್ಲಿಪ್ಪಿನಡಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಸಂಕೇತ ಬರೆದ ಒಂದು ಕಾಗದದ ಚೂರು ಇರುತ್ತದೆ. ಅದನ್ನು ಒಮ್ಮೆ ಟೈಪ್ ಮಾಡಿದ ಮೇಲೆ ಆ ಡಬ್ಬಿಯನ್ನು ಗುಂಡುಪಿನ್ನು ಹಾಕಿಡುವುದಕ್ಕೆ ಬಳಸಬಹುದು.

ಸೋನಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರವು 24 ಗಂಟೆಗೊಮ್ಮೆ ಇಂಟರ್ನೆಟ್ಟಿಗೆ ಹಾಜರಿ ಹಾಕಬೇಕೆಂದೂ, ಡಿಸ್ಕುಗಳನ್ನು ಕೈ ಬದಲಾಯಿಸುವುದಕ್ಕೆ ಕಟ್ಟುಪಾಡುಗಳಿರುತ್ತವೆಂದೂ ಹೇಳಿದಾಗ, ಪ್ಲೇಸ್ಟೇಷನ್ 4ರಲ್ಲಿ ಆಟವನ್ನು ಹಂಚಿಕೊಳ್ಳುವುದು ಹೇಗೆಂದು ತೋರಿಸುವ ಪುಟ್ಟ ವಿಡಿಯೊವನ್ನು ಸೋನಿ ಹೊರಬಿಟ್ಟಿತು. ಅದರಲ್ಲಿ ಒಬ್ಬ ಅಧಿಕಾರಿ ಇನ್ನೊಬ್ಬರ ಕೈಗೆ ಡಬ್ಬಿ ಕೊಡುತ್ತಾರೆ, ಅವರು ಥ್ಯಾಂಕ್ಸ್ ಎನ್ನುತ್ತಾರೆ, ವಿಡಿಯೊ ಮುಗಿಯುತ್ತದೆ. ಲೋಕವೆಲ್ಲ ಚಪ್ಪಾಳೆ ತಟ್ಟಿತು, ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಆ ಸೋನಿಯೇ 2024ರ ನವೆಂಬರ್‌ನಲ್ಲಿ ತನ್ನ ಅತ್ಯಂತ ದುಬಾರಿ ಯಂತ್ರವಾದ ಪ್ಲೇಸ್ಟೇಷನ್ 5 ಪ್ರೊವನ್ನು, 700 ಡಾಲರ್ ಬೆಲೆಗೆ, ಡಿಸ್ಕ್ ಡ್ರೈವ್ ಇಲ್ಲದೆ ಮಾರುಕಟ್ಟೆಗೆ ಬಿಟ್ಟಿತು. ಡ್ರೈವ್ ಬೇಕಾದವರು ಇನ್ನೂ 80 ಡಾಲರ್ ಕೊಟ್ಟು ಪ್ರತ್ಯೇಕವಾಗಿ ಕೊಂಡು ಜೋಡಿಸಿಕೊಳ್ಳಬಹುದು, ಆದರೆ ಹಾಗೆ ಜೋಡಿಸಿದ ಡ್ರೈವ್ ಕೆಲಸ ಆರಂಭಿಸಬೇಕಾದರೆ ಮೊದಲು ಒಮ್ಮೆ ಇಂಟರ್ನೆಟ್ ಸಂಪರ್ಕ ಬೇಕು. ಇಂಟರ್ನೆಟ್ಟಿನ ಸಹವಾಸವೇ ಬೇಡವೆಂದು ಡಿಸ್ಕ್ ಕೊಂಡವನು ಡಿಸ್ಕ್ ಹಾಕುವುದಕ್ಕೂ ಇಂಟರ್ನೆಟ್ಟಿನ ಅಪ್ಪಣೆ ಪಡೆಯಬೇಕು.

ನಮ್ಮಲ್ಲಿ ಡಿಸ್ಕ್ ಕೊಳ್ಳುವವರಿಗೆ ಇದ್ದ ಕಾರಣ ಸಂಗ್ರಹದ ಶೋಕಿಗಿಂತ ಹೆಚ್ಚಾಗಿ ಲೆಕ್ಕಾಚಾರದ್ದು. ಬಿಡುಗಡೆಯ ದಿನ ದೊಡ್ಡ ಆಟವೊಂದಕ್ಕೆ ₹5,000ದ ಆಸುಪಾಸು ಸುರಿದವನು ಅದನ್ನು ಆಡಿ ಮುಗಿಸಿ ಬೇರೊಬ್ಬನಿಗೆ ಮಾರಿ, ಬಂದ ದುಡ್ಡಿಗೆ ಒಂದಿಷ್ಟು ಸೇರಿಸಿ ಇನ್ನೊಂದನ್ನು ಕೊಳ್ಳುತ್ತಿದ್ದ. ಮುದ್ರಣದ, ಸಾಗಾಣಿಕೆಯ, ಅಂಗಡಿ ಬಾಡಿಗೆಯ ಖರ್ಚೇ ಇಲ್ಲದ ಡೌನ್‌ಲೋಡ್ ಪ್ರತಿಗೂ ಅದೇ ₹5,000 ತೆಗೆದುಕೊಂಡು, ಮರಳಿ ಮಾರುವ ಹಕ್ಕನ್ನು ಮಾತ್ರ ಕಿತ್ತುಕೊಂಡು, ಇದನ್ನೆಲ್ಲ ಗ್ರಾಹಕರ ಅನುಕೂಲಕ್ಕಾಗಿಯೇ ಮಾಡಿದ್ದೇವೆನ್ನುವ ವಿನಯವನ್ನು ಮೆಚ್ಚಲೇಬೇಕು.

ಮಾರುವುದು ಹೋಗಲಿ, ಮಕ್ಕಳಿಗೆ ಬಿಟ್ಟುಹೋಗುವುದೂ ಆಗದು. ಸ್ಟೀಮ್ ಖಾತೆಯನ್ನು ಉಯಿಲಿನ ಮೂಲಕ ವರ್ಗಾಯಿಸಲಾಗದೆಂದು ಅದರ ಸಹಾಯವಾಣಿ 2024ರಲ್ಲಿ ಸ್ಪಷ್ಟವಾಗಿ ತಿಳಿಸಿತು. ನಾಲ್ಕು ಗುಂಟೆ ಅಡಿಕೆ ತೋಟಕ್ಕೂ, ಅಟ್ಟದ ಮೇಲಿನ ಹಿತ್ತಾಳೆ ಕೊಳಗಕ್ಕೂ, ಬಾವಿಯ ನೀರಿನ ಸರದಿಗೂ ಪಾಲುಪಟ್ಟಿ ಬರೆಸಿ ರಿಜಿಸ್ಟರ್ ಮಾಡಿಸುವ ನಾಡಿನವರು ನಾವು. ಅಣ್ಣನಿಗೆ ಕ್ರಿಕೆಟ್ ಆಟಗಳು, ತಮ್ಮನಿಗೆ ಯುದ್ಧದ ಆಟಗಳು, ಅರ್ಧಕ್ಕೆ ನಿಲ್ಲಿಸಿದ ಆಟಗಳು ಜಂಟಿಯಾಗಿ ಉಳಿಯತಕ್ಕದ್ದು ಎಂದು ಪತ್ರ ಬರೆದುಕೊಟ್ಟು ಶುಲ್ಕ ಪಡೆಯುವ ಅವಕಾಶ ನಮ್ಮ ಪತ್ರ ಬರಹಗಾರರಿಗೆ ತಪ್ಪಿಹೋಯಿತು. ಉಳಿದಿರುವುದು ಒಂದೇ ದಾರಿ: ತಾತ ಕೊನೆಗಾಲದಲ್ಲಿ ಮೊಮ್ಮಗನನ್ನು ಹತ್ತಿರ ಕರೆದು ಕಿವಿಯಲ್ಲಿ ಪಾಸ್‌ವರ್ಡ್ ಉಸುರುವುದು. ಆಗಲೂ ಓಟಿಪಿ ತಾತನ ಫೋನಿಗೇ ಬರುವುದರಿಂದ, ವೈಕುಂಠ ಸಮಾರಾಧನೆ ಮುಗಿಯುವವರೆಗಾದರೂ ಆ ಸಿಮ್‌ಗೆ ರೀಚಾರ್ಜ್ ಮಾಡಿಸುತ್ತಿರಬೇಕು.

ಕ್ಯಾಲಿಫೋರ್ನಿಯಾದ ಸರ್ಕಾರ ಇದನ್ನೆಲ್ಲ ಕಂಡು ಮರುಗಿ, 2025ರ ಜನವರಿಯಿಂದ ಜಾರಿಗೆ ಬರುವಂತೆ ಒಂದು ಕಾನೂನು ಮಾಡಿತು. ಡಿಜಿಟಲ್ ಸರಕನ್ನು ಮಾರುವವರು, ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಗ್ರಾಹಕರಿಗೆ ತಿಳಿಸಬೇಕು. ಜೇಬು ಕತ್ತರಿಸುವ ಮುನ್ನ ನೋಟಿಸ್ ಕೊಡಬೇಕು ಎಂಬಷ್ಟರ ಮಟ್ಟಿಗೆ ನಾಗರಿಕತೆ ಮುಂದುವರಿದಿದೆ.

ಇನ್ನು ಯೂಬಿಸಾಫ್ಟ್ ಎಂಬ ಆಟ ತಯಾರಿಸುವ ಕಂಪನಿ. 2014ರಲ್ಲಿ ಬಂದ ದಿ ಕ್ರೂ ಎಂಬ ಕಾರು ಓಟದ ಆಟದ ಸರ್ವರುಗಳನ್ನು ಅದು 2024ರ ಮಾರ್ಚ್ 31ರಂದು ನಿಲ್ಲಿಸಿತು. ಒಬ್ಬರೇ ಆಡುವ ಭಾಗಕ್ಕೂ ಸರ್ವರ್ ಬೇಕಿದ್ದುದರಿಂದ ಡೌನ್‌ಲೋಡ್ ಮಾಡಿದವನೂ ಡಿಸ್ಕ್ ಕೊಂಡವನೂ ಒಂದೇ ದಿನ ಬರಿಗೈಯಾದರು. ಡಬ್ಬಿಯೋ ಡೌನ್‌ಲೋಡೋ ಎಂದು ವರ್ಷಗಟ್ಟಲೆ ಕಚ್ಚಾಡಿದವರನ್ನು ಹೀಗೆ ಒಂದುಗೂಡಿಸಿದ್ದು ಸಣ್ಣ ಸಾಧನೆಯಲ್ಲ. ಯಾವುದೂ ಶಾಶ್ವತವಲ್ಲ ಎಂದು ಆ ಕಂಪನಿಯ ಮುಖ್ಯಸ್ಥ ಈವ್ ಗಿಯೆಮೊ 2025ರಲ್ಲಿ ಷೇರುದಾರರ ಮುಂದೆ ಹೇಳಿದರು. ದಾಸರ ಪದ ಕೇಳಿ ಬೆಳೆದ ನಮಗೆ ಈ ತತ್ವ ಹೊಸದೇನಲ್ಲ, ಆದರೆ ದಾಸರು ಮೊದಲು ತಮ್ಮ ಸಂಪತ್ತನ್ನು ಬಿಟ್ಟು ಆಮೇಲೆ ಹಾಡಿದರು. ಇಲ್ಲಿ ಗ್ರಾಹಕನ ಆಟ ನಶ್ವರ, ಕಂಪನಿಗೆ ಸಂದ ಹಣ ಮಾತ್ರ ಶಾಶ್ವತ.

ತಮಾಷೆ ಸಾಕು. ಜನ ಕೇಳುತ್ತಿರುವುದು ಬಹಳ ಸಣ್ಣದು. ಸರ್ವರನ್ನು ಎಂದೆಂದಿಗೂ ನಡೆಸಿ ಎಂದು ಯಾರೂ ಕೇಳಿಲ್ಲ. ನಿಲ್ಲಿಸುವ ದಿನ, ಹಣ ಕೊಟ್ಟವನ ಮನೆಯಲ್ಲಿ ಆಟ ತಾನಾಗಿ ನಡೆಯುವಂತೆ ಮಾಡಿಟ್ಟು ಹೋಗಿ ಎಂದಷ್ಟೇ ಕೇಳಿದ್ದಾರೆ, ಅದಕ್ಕಾಗಿ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ಹಾಗೆ ಮಾಡಿದರೆ ಆಟ ತಯಾರಿಸುವ ಖರ್ಚೇ ವಿಪರೀತವಾಗುತ್ತದೆಂದು ತಯಾರಕರ ಸಂಘ ಉತ್ತರಿಸಿತು. ಗಾಗ್ ಎಂಬ ಆನ್‌ಲೈನ್ ಅಂಗಡಿ, ಆಟವನ್ನು ಯಂತ್ರಕ್ಕೆ ಹಾಕಿಕೊಳ್ಳುವ ಇನ್‌ಸ್ಟಾಲರ್ ಕಡತವನ್ನೇ ಗ್ರಾಹಕನ ಕೈಗೆ ಕೊಟ್ಟು ವರ್ಷಗಳಿಂದ ವ್ಯಾಪಾರ ಮಾಡುತ್ತಿದೆ, ಅದೇನೂ ಬೀದಿಗೆ ಬಿದ್ದಿಲ್ಲ. ಗಲಾಟೆ ಜೋರಾದ ಮೇಲೆ ಯೂಬಿಸಾಫ್ಟ್ ಕೂಡ ದಿ ಕ್ರೂ ಆಟದ ಎರಡನೆಯ ಭಾಗಕ್ಕೆ ಇಂಟರ್ನೆಟ್ ಇಲ್ಲದೆ ಆಡುವ ವ್ಯವಸ್ಥೆ ಮಾಡಿಕೊಟ್ಟಿತು. ಅಂದರೆ ಮಾಡಬಹುದಿತ್ತು, ಮನಸ್ಸಿರಲಿಲ್ಲ. ಮೊದಲ ಭಾಗಕ್ಕೆ ಹಣ ಕೊಟ್ಟವರು ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋದಾಗ, ನಿಮಗೆ ಸಿಕ್ಕಿದ್ದು ಪರವಾನಗಿಯಷ್ಟೇ, ಅದು ಡಬ್ಬಿಯ ಮೇಲೆಯೇ ಬರೆದಿತ್ತಲ್ಲ ಎಂಬ ವಾದವನ್ನು ಅವರು ಕೇಳಬೇಕಾಯಿತು. ಅವರೂ ಡಬ್ಬಿಯನ್ನು ಓದಿಕೊಂಡೇ ಹೋಗಿದ್ದರು. ಆಟವನ್ನು ಸಕ್ರಿಯಗೊಳಿಸುವ ಸಂಕೇತದ ವಾಯಿದೆ 2099ರವರೆಗೆ ಇದೆಯೆಂದು ಅವರು ತೋರಿಸಿದ್ದಾರೆ.