ವೇಮಗಲ್‌ಗೆ ಬರುತ್ತಿರುವುದು ಹೊಸ ನೆಂಟನಲ್ಲ

2025ರ ಅಕ್ಟೋಬರ್ ಮೊದಲ ವಾರ. ಬೆಳಿಗ್ಗೆ ಬೆಳಿಗ್ಗೆಯೇ ಚಿಕ್ಕಮ್ಮನ ಮಗ ವೇಮಗಲ್‌ನಿಂದ ಫೋನ್ ಮಾಡಿದ. "ಅಣ್ಣಾ, ಪೇಪರ್ ನೋಡಿದ್ಯಾ? ನಮ್ಮೂರಲ್ಲಿ ಹೆಲಿಕಾಪ್ಟರ್ ಮಾಡ್ತಾರಂತೆ, ಫ್ರಾನ್ಸ್ ಕಂಪನಿಯವರು!" ದನಿಯಲ್ಲಿ ಹಬ್ಬದ ಸಂಭ್ರಮ. ಟಾಟಾ ಜೊತೆ ಸೇರಿ ಏರ್‌ಬಸ್ ಕಂಪನಿ ತನ್ನ ಎಚ್‌125 ಹೆಲಿಕಾಪ್ಟರನ್ನು ಕೋಲಾರ ಜಿಲ್ಲೆಯ ವೇಮಗಲ್‌ನಲ್ಲಿ ಜೋಡಿಸುತ್ತದೆ, 2027ರ ಹೊತ್ತಿಗೆ ಮೊದಲನೆಯದು ಹೊರಬರಬೇಕು ಎಂಬ ಸುದ್ದಿ ಅದು. ನನಗೂ ಖುಷಿಯಾಯಿತು. ಆದರೆ ಅವತ್ತಿನಿಂದ ಈ ಬಗ್ಗೆ ಬಂದ ಬರಹಗಳನ್ನೆಲ್ಲ ಓದುತ್ತಾ ಒಂದು ಕೊರಗು ಉಳಿದುಬಿಟ್ಟಿದೆ. ಎಲ್ಲರೂ ಈ ಕಂಪನಿ ಕರ್ನಾಟಕದ ಹೊಸಿಲನ್ನು ಇವತ್ತೇ ಮೊದಲು ತುಳಿಯುತ್ತಿದೆ ಎಂಬಂತೆ ಬರೆಯುತ್ತಿದ್ದಾರೆ. ನಮ್ಮಪ್ಪ ಇದ್ದಿದ್ದರೆ ಪೇಪರ್ ಮಡಚಿ ಪಕ್ಕಕ್ಕಿಟ್ಟು, ಸುಮ್ಮನೆ ಎದ್ದು ಹೋಗುತ್ತಿದ್ದರು.

ಅಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಕೆಲಸ ಶುರುಮಾಡಿದ್ದು, ನಿವೃತ್ತರಾಗಿದ್ದು ಎರಡೂ ಹೆಲಿಕಾಪ್ಟರ್ ಮೇಲೆಯೇ. ಮನೆಯ ಟ್ರಂಕಿನಲ್ಲಿ ಇವತ್ತಿಗೂ ಒಂದು ಬಟ್ಟೆ ಪಟ್ಟಿ ಇದೆ. ಮಾಸಲು ಬಿಳಿ ಬಣ್ಣ, ಅಂಚಿನಲ್ಲಿ ಮೂರು ಗೀರು: ಕೆಂಪು, ನೀಲಿ, ಹಳದಿ. ಹೆಲಿಕಾಪ್ಟರಿನ ನೆತ್ತಿಯ ಮೇಲೆ ಸುತ್ತುವ ರೋಟರಿನ ಮೂರೂ ಬ್ಲೇಡುಗಳು ಒಂದೇ ಮಟ್ಟದಲ್ಲಿ ಸುತ್ತಬೇಕು, ಒಂದು ಮೇಲೆ ಒಂದು ಕೆಳಗೆ ಆದರೆ ಇಡೀ ಹೆಲಿಕಾಪ್ಟರ್ ನಡುಗುತ್ತದೆ. ಅದನ್ನು ಪರೀಕ್ಷಿಸಲು ಒಂದೊಂದು ಬ್ಲೇಡಿನ ತುದಿಗೂ ಒಂದೊಂದು ಬಣ್ಣ ಹಚ್ಚಿ, ಇಂಜಿನ್ ಓಡಿಸಿ, ಉದ್ದ ಕೋಲಿಗೆ ಕಟ್ಟಿದ ಇಂಥ ಪಟ್ಟಿಯನ್ನು ಸುತ್ತುವ ಬ್ಲೇಡುಗಳ ತುದಿಗೆ ಮೆಲ್ಲಗೆ ಒಯ್ದು ಸೋಕಿಸುತ್ತಿದ್ದರು. ಮೂರು ಬಣ್ಣ ಒಂದರ ಮೇಲೊಂದು ಬಿದ್ದರೆ ಸರಿ, ಬೇರೆ ಬೇರೆ ಕಡೆ ಬಿದ್ದರೆ ಮತ್ತೆ ಹೊಂದಿಸಬೇಕು. "ಕೈ ಒಂಚೂರು ಮುಂದೆ ಹೋದ್ರೆ ಕೋಲೇ ಹೋಯ್ತು ಮಗಾ" ಅನ್ನುತ್ತಿದ್ದರು. ಆ ಪಟ್ಟಿಯ ಮೂರು ಗೀರುಗಳ ಅಂತರ ಅರ್ಧ ಬೆರಳೂ ಇಲ್ಲ.

ಆ ಬ್ಲೇಡುಗಳ ಹುಟ್ಟೂರು ಫ್ರಾನ್ಸ್. ಹೆಲಿಕಾಪ್ಟರಿಗೆ ನಾವಿಟ್ಟ ಹೆಸರು ಚೇತಕ್, ರಾಣಾ ಪ್ರತಾಪನ ಕುದುರೆಯ ಹೆಸರು. ಫ್ರೆಂಚರು ಕರೆದಿದ್ದು ಅಲುವೆಟ್, ಅಂದರೆ ಒಂದು ಪುಟ್ಟ ಹಾಡುಹಕ್ಕಿ. ಇವತ್ತಿನ ಏರ್‌ಬಸ್ ಹೆಲಿಕಾಪ್ಟರ್ಸ್ ಕಥೆ ಶುರುವಾಗುವುದೇ ಈ ಹಕ್ಕಿಯಿಂದ. 1955ರ ಮಾರ್ಚ್ 12ರಂದು ಅಲುವೆಟ್-2 ಮೊದಲ ಸಲ ಹಾರಿತು. ಅಲ್ಲಿಯವರೆಗೆ ಹೆಚ್ಚಿನ ಹೆಲಿಕಾಪ್ಟರುಗಳಿಗೆ ಇದ್ದದ್ದು ಭಾರವಾದ ಪಿಸ್ಟನ್ ಇಂಜಿನ್. ಇಂಜಿನ್ ತನ್ನನ್ನು ತಾನೇ ಎತ್ತಿಕೊಳ್ಳುವುದರಲ್ಲಿ ಬಹಳಷ್ಟು ಶಕ್ತಿ ಸೋರಿಹೋಗುತ್ತಿತ್ತು. ಫ್ರೆಂಚರು ಅದರ ಜಾಗದಲ್ಲಿ ಹಗುರವಾದ ಟರ್ಬೈನ್ ಇಟ್ಟರು. ಟರ್ಬೈನ್ ಇಂಜಿನ್ನಿನ ಹೆಲಿಕಾಪ್ಟರ್ ಸಾಲಾಗಿ ಕಾರ್ಖಾನೆಯಿಂದ ಹೊರಬಂದದ್ದು ಪ್ರಪಂಚದಲ್ಲಿ ಅದೇ ಮೊದಲು. ನಾಲ್ಕು ವರ್ಷಕ್ಕೆ, 1959ರಲ್ಲಿ, ಅದರ ದೊಡ್ಡ ತಮ್ಮ ಅಲುವೆಟ್-3 ಬಂತು. ಅದನ್ನು ಬೆಂಗಳೂರಿನಲ್ಲೇ ತಯಾರಿಸಲು 1962ರಲ್ಲಿ ಎಚ್‌ಎಎಲ್ ಒಪ್ಪಂದ ಮಾಡಿಕೊಂಡಿತು. 1965ರಲ್ಲಿ ಮೊದಲ ಚೇತಕ್ ಹೊರಬಂತು. ಹಾಗಾದರೆ ಈ ನೆಂಟಸ್ತಿಕೆಗೆ ಈಗ ಅರವತ್ತು ವರ್ಷ ಮೀರಿತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ನಮ್ಮ ಸೈನ್ಯದ ಇನ್ನೊಂದು ಹೆಲಿಕಾಪ್ಟರ್ ಚೀತಾದ ಕಥೆ. ಚೀತಾ ನೋಡಿದವರಿಗೆ ಗೊತ್ತು: ಮುಂದೆ ಗಾಜಿನ ಗುಂಡು ಬುರುಡೆ, ಹಿಂದೆ ಮುಚ್ಚಿಗೆಯೇ ಇಲ್ಲದ ಕಂಬಿ ಕಂಬಿಯ ಬಾಲ. ಚೆಂದ ಅಂತ ಯಾರೂ ಹೇಳುವುದಿಲ್ಲ. ಅದು ಫ್ರೆಂಚರಿಗೆ ತಾವಾಗಿ ಹೊಳೆದದ್ದಲ್ಲ. 1968ರಲ್ಲಿ ನಮ್ಮ ಸೈನ್ಯ "ಹಿಮಾಲಯದ ತೆಳು ಗಾಳಿಯಲ್ಲೂ ಏರುವಂಥದ್ದು ಬೇಕು" ಎಂದು ಕೇಳಿದ್ದಕ್ಕೆ ಹುಟ್ಟಿದ ಹೆಲಿಕಾಪ್ಟರ್ ಅದು. ಅಲುವೆಟ್-2ರ ಹಗುರ ಮೈಗೆ ಅಲುವೆಟ್-3ರ ಬಲವಾದ ಇಂಜಿನ್ ಮತ್ತು ರೋಟರ್ ಕೂರಿಸಿದರು. 1969ರ ಮಾರ್ಚ್‌ನಲ್ಲಿ ಹಾರಿಸಿದರು, ಲಾಮಾ ಎಂದು ಹೆಸರಿಟ್ಟರು. 1972ರ ಜೂನ್ 21ರಂದು ಜಾನ್ ಬೂಲೆ ಎಂಬ ಪೈಲಟ್ ಅದೇ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದ. ನಮ್ಮ ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ ಹಾರುವುದಕ್ಕಿಂತ ಮೇಲೆ! ಅಲ್ಲಿ ಇಂಜಿನ್ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ಕೆಳಗಿನಿಂದ ನುಗ್ಗುವ ಗಾಳಿಗೆ ರೋಟರ್ ತಾನಾಗಿ ಸುತ್ತುತ್ತಾ ಇರುತ್ತದಲ್ಲ, ಆ ಒಂದೇ ಆಧಾರದಲ್ಲಿ ಬೂಲೆ ಅಷ್ಟೆತ್ತರದಿಂದ ನೆಲದವರೆಗೂ ಇಳಿದು ಬದುಕಿದ. ಅಪ್ಪನಿಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಲುತ್ತಿರಲಿಲ್ಲ.

ನಮ್ಮ ಬೆಂಗಳೂರಿನಲ್ಲಿ ತಯಾರಾದ ಲಾಮಾಗಳೇ ಚೀತಾಗಳು. 1984ರಿಂದ ಸಿಯಾಚಿನ್‌ನಲ್ಲಿ ಇಪ್ಪತ್ತು ಸಾವಿರ ಅಡಿ ಎತ್ತರದ ಠಾಣೆಗಳಿಗೆ ಸೀಮೆಎಣ್ಣೆ, ರೇಷನ್, ಔಷಧಿ ಹೊತ್ತದ್ದು ಅವೇ. ಆ ಎತ್ತರದಲ್ಲಿ ಒಂದು ಸಲಕ್ಕೆ ಒಂದೆರಡು ಜೆರ್ರಿಕ್ಯಾನ್‌ಗಿಂತ ಹೆಚ್ಚು ಒಯ್ಯಲಾಗದ ಜಾಗಗಳಿವೆ. ಹಿಮದಲ್ಲಿ ಬೆರಳು ಕಳೆದುಕೊಳ್ಳುತ್ತಿದ್ದ ಎಷ್ಟೋ ಸೈನಿಕರನ್ನು ಕೆಳಗೆ ತಂದಿದ್ದೂ ಅವೇ. ಅದಕ್ಕೇ ಹೇಳುವುದು, ಈ ಕಂಪನಿಯ ಚರಿತ್ರೆ ಬರೆದರೆ ಅದರಲ್ಲಿ ನಮ್ಮ ಪಾಲೂ ಇದೆ. ನಾವು ಬರೀ ಕೊಂಡವರಲ್ಲ, ಹೀಗಿರಬೇಕು ಎಂದು ಕೇಳಿ ಮಾಡಿಸಿದವರು.

ಇನ್ನು ಜರ್ಮನಿಯ ಕಡೆ. ಬವೇರಿಯಾದ ಬೋಲ್ಕೋ ಕಂಪನಿ 1967ರಲ್ಲಿ ಬಿಒ-105 ಎಂಬ ಪುಟ್ಟ ಹೆಲಿಕಾಪ್ಟರ್ ಹಾರಿಸಿತು. ಅಲ್ಲಿಯವರೆಗೆ ಹೆಚ್ಚಿನ ಹೆಲಿಕಾಪ್ಟರುಗಳಲ್ಲಿ ಬ್ಲೇಡುಗಳೆಲ್ಲ ಬಂದು ಸೇರುವ ರೋಟರಿನ ನಡುಗುಂಬದಲ್ಲಿ, ಅಂದರೆ ರೋಟರ್ ಹೆಡ್‌ನಲ್ಲಿ, ಪ್ರತಿ ಬ್ಲೇಡಿಗೂ ಬಾಗಿಲಿನ ಕೀಲಿನ ಹಾಗೆ ಕೀಲುಗಳಿರುತ್ತಿದ್ದವು. ಬ್ಲೇಡು ಮೇಲೆ ಕೆಳಗೆ, ಹಿಂದೆ ಮುಂದೆ ಆಡಲು ಅವು ಬೇಕಿದ್ದವು. ಕೀಲು ಅಂದಮೇಲೆ ಸವೆತ, ಗ್ರೀಸು, ಬಿಚ್ಚಿ ಕಟ್ಟುವ ಕೆಲಸ ಇದ್ದದ್ದೇ. ಜರ್ಮನ್ನರು ಆ ಕೀಲುಗಳನ್ನು ತೆಗೆದುಹಾಕಿ, ಟೈಟಾನಿಯಂ ನಡುಗುಂಬಕ್ಕೆ ಫೈಬರ್ ಬ್ಲೇಡ್ ಸಿಕ್ಕಿಸಿದರು. ಬಾಗುವ ಕೆಲಸ ಬ್ಲೇಡಿಗೇ ಬಿಟ್ಟರು. ಬೋಲ್ಕೋ ಮುಂದೆ ಎಂಬಿಬಿ ಕಂಪನಿಯಲ್ಲಿ ಸೇರಿಹೋಯಿತು. 1984ರಲ್ಲಿ ನಮ್ಮದೇ ಹೆಲಿಕಾಪ್ಟರ್ ವಿನ್ಯಾಸ ಮಾಡಲು ಎಚ್‌ಎಎಲ್ ಸಹಾಯ ಪಡೆದದ್ದು ಇದೇ ಎಂಬಿಬಿಯಿಂದ. 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಧ್ರುವ್ ಮೊದಲು ಹಾರಿದಾಗ ಅದರ ರೋಟರಿನಲ್ಲೂ ಆ ಕೀಲುಗಳಿರಲಿಲ್ಲ.

ಅದೇ 1992ರ ಜನವರಿಯಲ್ಲಿ ಯುರೋಪಿನಲ್ಲಿ ಇನ್ನೊಂದು ಘಟನೆ. ಶೀತಲ ಸಮರ ಮುಗಿದು ಸೈನ್ಯಗಳ ಆರ್ಡರ್ ಬತ್ತತೊಡಗಿತ್ತು. ಅಲುವೆಟ್‌ನ ಮನೆತನವಾದ ಫ್ರಾನ್ಸಿನ ಏರೋಸ್ಪಾಸಿಯಾಲ್‌ನ ಹೆಲಿಕಾಪ್ಟರ್ ವಿಭಾಗ, ಎಂಬಿಬಿಯನ್ನು ನುಂಗಿಕೊಂಡಿದ್ದ ಜರ್ಮನಿಯ ಡಾಸಾದ ಹೆಲಿಕಾಪ್ಟರ್ ವಿಭಾಗ, ಇವೆರಡೂ ಒಂದಾಗಿ ಯುರೋಕಾಪ್ಟರ್ ಆದವು. ಟೈಗರ್ ಎಂಬ ಯುದ್ಧ ಹೆಲಿಕಾಪ್ಟರ್‌ಗಾಗಿ ಅವು ಮೊದಲೇ ಜೊತೆಗೂಡಿದ್ದವು. ಮಾರ್ಸೇಲ್ ಪಕ್ಕದ ಮರಿನ್ಯಾನ್ ತವರಾಯಿತು, ಬವೇರಿಯಾದ ಡೊನೌವರ್ತ್ ಇನ್ನೊಂದು ಮನೆ. 2014ರಲ್ಲಿ ಹೆಸರು ಬದಲಾಗಿ ಏರ್‌ಬಸ್ ಹೆಲಿಕಾಪ್ಟರ್ಸ್. ಎರಡನೇ ಮಹಾಯುದ್ಧದಲ್ಲಿ ಎದುರುಬದುರು ನಿಂತಿದ್ದ ಎರಡು ದೇಶಗಳು ತಮ್ಮ ಕಾರ್ಖಾನೆಗಳನ್ನು ಒಂದೇ ಮನೆ ಮಾಡಿಕೊಂಡವು. ಆ ಎರಡೂ ಮನೆತನದ ವಿದ್ಯೆ, ಅವು ಒಂದಾಗುವ ಮುಂಚೆಯೇ, ನಮ್ಮ ಎಚ್‌ಎಎಲ್ ಹ್ಯಾಂಗರಿನೊಳಗೆ ಅಕ್ಕಪಕ್ಕ ಕೂತಿತ್ತು! ಇದನ್ನು ಯಾಕೆ ಯಾರೂ ಹೇಳುವುದಿಲ್ಲ?

ಕಂಪನಿಯನ್ನು ಬರೀ ಹೊಗಳಲು ನಾನು ಬರೆಯುತ್ತಿಲ್ಲ. 2016ರ ಏಪ್ರಿಲ್ 29ರಂದು ನಾರ್ವೆಯ ತುರೋಯ್ ಎಂಬಲ್ಲಿ ಇದೇ ಕಂಪನಿಯ ಸೂಪರ್ ಪೂಮಾ ಕುಟುಂಬದ ಹೆಲಿಕಾಪ್ಟರ್ ಸಮುದ್ರದ ಎಣ್ಣೆ ಬಾವಿಯಿಂದ ಜನರನ್ನು ಕರೆತರುತ್ತಿತ್ತು. ಆಕಾಶದಲ್ಲೇ ಇಡೀ ರೋಟರ್ ಕಳಚಿ ಬೇರೆಯಾಯಿತು. ಹದಿಮೂರು ಜನ, ಒಬ್ಬರೂ ಉಳಿಯಲಿಲ್ಲ. ಗೇರ್‌ಬಾಕ್ಸಿನ ಒಂದು ಗೇರಿನಲ್ಲಿ ಸಣ್ಣ ಬಿರುಕು ಒಳಗೊಳಗೇ ಬೆಳೆದಿತ್ತು. 2009ರಲ್ಲಿ ಸ್ಕಾಟ್ಲೆಂಡ್ ಬಳಿ ಹದಿನಾರು ಜನ ಸತ್ತಾಗಲೂ ಕಾರಣ ಗೇರ್‌ಬಾಕ್ಸಿನ ಅಂಥದ್ದೇ ಗೇರು.

ಅಪ್ಪ ಹೇಳುತ್ತಿದ್ದ ಮ್ಯಾಗ್ನೆಟಿಕ್ ಪ್ಲಗ್ ನೆನಪಾಗುತ್ತದೆ. ಗೇರ್‌ಬಾಕ್ಸಿನ ಎಣ್ಣೆಯೊಳಗೆ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಗೇರು ಸವೆದರೆ ಉದುರುವ ಲೋಹದ ಚೂರು ಅದಕ್ಕೆ ಅಂಟಿಕೊಳ್ಳುತ್ತದೆ. ಅಪ್ಪ ಅದನ್ನು ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಒರೆಸಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರಂತೆ. 2009ರಲ್ಲಿ ಅಪಘಾತಕ್ಕೆ ಕೆಲವೇ ದಿನ ಮುಂಚೆ ಒಂದು ಚೂರು ಸಿಕ್ಕಿತ್ತು, ಅದು ಹೇಳುತ್ತಿದ್ದುದು ತಿಳಿಯಲಿಲ್ಲ. 2016ರಲ್ಲಿ ಅಯಸ್ಕಾಂತ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಆ ಹೆಲಿಕಾಪ್ಟರ್ ಹತ್ತುವುದಿಲ್ಲ ಎಂದು ಎಣ್ಣೆ ಬಾವಿಯ ಕೆಲಸಗಾರರು ಹಟ ಹಿಡಿದರು. ನಾನಾಗಿದ್ದರೂ ಹತ್ತುತ್ತಿರಲಿಲ್ಲ.

ಹೆಲಿಕಾಪ್ಟರಿನ ಜೀವ ಇರುವುದು ಅಲ್ಲೇ. ರೋಟರಿನ ನಡುಗುಂಬದಲ್ಲಿ, ಅದರ ಕೆಳಗಿನ ಗೇರ್‌ಬಾಕ್ಸಿನಲ್ಲಿ. ಉಳಿದದ್ದೆಲ್ಲ ಮೈ. ಈಗ ವೇಮಗಲ್‌ಗೆ ಬರುತ್ತಿರುವ ಎಚ್‌125ರ ಮೂಲ 1974ರಲ್ಲಿ ಹಾರಿದ್ದು, ಫ್ರೆಂಚಿನಲ್ಲಿ ಅದರ ಹೆಸರೇ 'ಅಳಿಲು'. ನಡುಗುಂಬ ಗ್ಲಾಸ್ ಫೈಬರಿನ ಮೂರು ಕೈಯ ನಕ್ಷತ್ರ. 2005ರ ಮೇ 14ರಂದು ದಿದಿಯೆ ದೆಲ್ಸಾಲ್ ಎಂಬ ಪೈಲಟ್ ಎವರೆಸ್ಟ್ ಶಿಖರದ ಮೇಲೆ ಇಳಿಸಿ 3 ನಿಮಿಷ 50 ಸೆಕೆಂಡ್ ನಿಲ್ಲಿಸಿದ್ದು ಈ ಅಳಿಲನ್ನೇ. ಒಳ್ಳೆಯ ಹೆಲಿಕಾಪ್ಟರ್, ಅನುಮಾನವಿಲ್ಲ. ಆದರೆ ವೇಮಗಲ್‌ನಲ್ಲಿ ಆಗುವುದು ಅಂತಿಮ ಜೋಡಣೆ ಮತ್ತು ಪರೀಕ್ಷೆ: ಇಂಜಿನ್ ಕೂರಿಸುವುದು, ವೈರಿಂಗ್, ಹೈಡ್ರಾಲಿಕ್, ಹಾರಿಸಿ ನೋಡುವುದು. ಚೇತಕ್ ಕಾಲದಲ್ಲೂ ನಾವು ಜೋಡಣೆಯಿಂದಲೇ ಶುರುಮಾಡಿದ್ದು. ಅಲ್ಲಿಂದ ಬಿಡಿಭಾಗ, ಬಿಡಿಭಾಗದಿಂದ ವಿನ್ಯಾಸ ಎಂದು ಏರುತ್ತಾ ಧ್ರುವ್ ಹಾರಲು ಮೂವತ್ತು ವರ್ಷ ಬೇಕಾಯಿತು. ಇವತ್ತು ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೊಸ ಕಾರ್ಖಾನೆ ಇದೆ, 2023ರಲ್ಲಿ ಶುರುವಾಯಿತು. ಅಲ್ಲಿ ತಯಾರಾಗಬೇಕಿರುವ ಹಗುರ ಹೆಲಿಕಾಪ್ಟರ್ ನಮ್ಮದೇ ವಿನ್ಯಾಸ. ಚೀತಾಗಳಿಗೆ ಕೊನೆಗೂ ವಿಶ್ರಾಂತಿ ಕೊಡಬೇಕಾದದ್ದು ಅದು. ವೇಮಗಲ್ ಸಂಭ್ರಮದಲ್ಲಿ ಗುಬ್ಬಿಯನ್ನು ಮರೆತರೆ ನನಗೆ ಸಂಕಟವಾಗುತ್ತದೆ.

ಮೊನ್ನೆ ತಮ್ಮನ ಮಗ ಮನೆಗೆ ಬಂದಿದ್ದ. ಕೋಲಾರದಲ್ಲಿ ಐಟಿಐ ಓದುತ್ತಿದ್ದಾನೆ, ಫಿಟ್ಟರ್ ಟ್ರೇಡ್. ಟ್ರಂಕ್ ತೆಗೆದು ಬಟ್ಟೆ ಪಟ್ಟಿ ತೋರಿಸಿದೆ. ಮೂರು ಗೀರುಗಳ ಮೇಲೆ ಬೆರಳಾಡಿಸಿ ಕೇಳಿದ, "ದೊಡ್ಡಪ್ಪ, ರೋಟರ್ ಹೆಡ್ಡೂ ನಮ್ಮೂರಲ್ಲೇ ಮಾಡ್ತಾರಾ?"

"ಸದ್ಯಕ್ಕೆ ಜೋಡಿಸ್ತಾರೆ ಕಂದ. ಇಂಟರ್‌ವ್ಯೂಗೆ ಹೋದಾಗ ನೀನೂ ಇದನ್ನೇ ಕೇಳು" ಅಂದೆ.